ಗಡಿಯ ಮುಂದೆ ನಿಂತ ಹಳಿ: ಮೈಸೂರು ಸಂಸ್ಥಾನದ ರೈಲ್ವೆ ಮತ್ತು ಕೊಳ್ಳೇಗಾಲ ಸೀಮೆ

ದಕ್ಷಿಣ ಕರ್ನಾಟಕದ ರೈಲ್ವೆ ನಕ್ಷೆಯಲ್ಲಿ ಬೆಂಗಳೂರಿನಿಂದ ಹೊರಟ ಮಾರ್ಗ ಮದ್ದೂರು, ಮಂಡ್ಯ, ಮೈಸೂರು, ನಂಜನಗೂಡುಗಳನ್ನು ಹಾದು ಚಾಮರಾಜನಗರದಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಪೂರ್ವಕ್ಕೆ ಹರಡಿಕೊಂಡಿರುವ ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳಲ್ಲಿ ಇಂದಿಗೂ ಒಂದು ರೈಲು ನಿಲ್ದಾಣವಿಲ್ಲ. ಈ ಕೊರತೆಗೆ ಸಾಮಾನ್ಯವಾಗಿ ಕೊಡುವ ಕಾರಣಗಳು ಎರಡು: ಸೀಮೆ ಬೆಟ್ಟಗುಡ್ಡಗಳಿಂದಲೂ ಕಾಡಿನಿಂದಲೂ ಕೂಡಿದ್ದು ಎಂಬುದು ಒಂದು, ಹಿಂದುಳಿದ ಸೀಮೆಯಾದ್ದರಿಂದ ರೈಲಿಗೆ ಬೇಕಾದಷ್ಟು ವ್ಯಾಪಾರ ಅಲ್ಲಿರಲಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಹನೂರಿನ ಪೂರ್ವ ಭಾಗಕ್ಕೆ ಸಲ್ಲುತ್ತದೆಯೇ ಹೊರತು ಸುವರ್ಣಾವತಿ ಹೊಳೆ ಹರಿದು ಕಾವೇರಿಯನ್ನು ಸೇರುವ ಯಳಂದೂರು–ಕೊಳ್ಳೇಗಾಲದ ಬಯಲಿಗೆ ಸಲ್ಲುವುದಿಲ್ಲ. ಎರಡನೆಯದು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುತ್ತದೆ. ವಸಾಹತು ಕಾಲದ ಸಂಸ್ಥಾನ ರೈಲ್ವೆಯ ಇತಿಹಾಸವನ್ನು ಗಮನವಿಟ್ಟು ನೋಡಿದರೆ ಈ ಸೀಮೆಗೆ ಹಳಿ ಬಾರದಿದ್ದುದಕ್ಕೆ ಆಡಳಿತದ ಗಡಿಯೇ ಮೂಲ ಕಾರಣವೆಂದೂ, ಆ ಗಡಿ ಅಳಿಸಿಹೋದ ಮೇಲೂ ಅದರ ಸುತ್ತ ಬೆಳೆದಿದ್ದ ಲೆಕ್ಕಾಚಾರ ಉಳಿದುಕೊಂಡಿತೆಂದೂ ತಿಳಿದುಬರುತ್ತದೆ.

ಗಡಿ ಹುಟ್ಟಿದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ರಾಜ್ಯವನ್ನು ಹಂಚಿಕೊಂಡಾಗ ಕೊಯಮತ್ತೂರು ಪ್ರಾಂತ್ಯ ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಬಂತು, ಕೊಳ್ಳೇಗಾಲವೂ ಅದರ ಜೊತೆಗೆ ಹೋಯಿತು. ಈಗಿನ ಹನೂರು ತಾಲ್ಲೂಕಿನ ಪ್ರದೇಶ ಆಗ ಕೊಳ್ಳೇಗಾಲದ್ದೇ ಭಾಗವಾಗಿತ್ತು. ನೆಲದ ಏರಿಳಿತವನ್ನು ನೋಡಿ ಹೇಳುವುದಾದರೆ ಕೊಳ್ಳೇಗಾಲ ಮೈಸೂರು ಪ್ರಸ್ಥಭೂಮಿಯ ಮುಂದುವರಿಕೆ. ಕೊಯಮತ್ತೂರಿನ ಬಯಲು ಘಟ್ಟದ ಕೆಳಗಿನದು. ಜನರ ಮಾತು ಕನ್ನಡ, ಸಂತೆ ಸಾಲದ ನಂಟು ಮೈಸೂರು ಮಳವಳ್ಳಿಗಳ ಕಡೆಗೆ, ಆದರೆ ಕಂದಾಯ ಮತ್ತು ನ್ಯಾಯದ ದೊಡ್ಡ ಕಚೇರಿಗಳು ಮಾತ್ರ ಹಾಸನೂರು, ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲವನ್ನು ದಾಟಿ ಹೋದರೆ ಸಿಗುವ ಕೊಯಮತ್ತೂರಿನಲ್ಲಿ. ಪಕ್ಕದ ಯಳಂದೂರಿನ ಸ್ಥಿತಿ ಇನ್ನೊಂದು ಬಗೆಯದು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ವಂಶಪಾರಂಪರ್ಯವಾಗಿ ಜಹಗೀರು ಕೊಡಲಾಯಿತು. ಜಹಗೀರು ಎಂದರೆ ಒಂದು ಪ್ರದೇಶದ ಕಂದಾಯವನ್ನು ಅನುಭವಿಸುವ ಹಕ್ಕನ್ನು ಸೇವೆಗೆ ಪ್ರತಿಯಾಗಿ ಒಂದು ಮನೆತನಕ್ಕೆ ಬಿಟ್ಟುಕೊಡುವ ಏರ್ಪಾಡು. ಹೀಗೆ ಹತ್ತು ಮೈಲಿಯೊಳಗಿನ ಎರಡು ಊರುಗಳಲ್ಲಿ ಒಂದು ಮದರಾಸು ಪ್ರೆಸಿಡೆನ್ಸಿಯ ಹಿತ್ತಲಾಯಿತು, ಇನ್ನೊಂದು ಮೈಸೂರು ಸಂಸ್ಥಾನದೊಳಗಿದ್ದೂ ಸರ್ಕಾರದ ನೇರ ಕಂದಾಯಕ್ಕೆ ಹೊರತಾದ ಜಹಗೀರಾಯಿತು. ಮುಂದೆ ರೈಲು ಹಾಕುವವರು ಯಾವ ಊರಿನಿಂದ ತಮಗೆ ಏನು ಬರುತ್ತದೆಂದು ಲೆಕ್ಕ ಹಾಕಲು ಕುಳಿತಾಗ ಈ ಎರಡು ಸಂಗತಿಗಳೂ ಕೊಳ್ಳೇಗಾಲ–ಯಳಂದೂರುಗಳಿಗೆ ಪ್ರತಿಕೂಲವಾಗಿಯೇ ಇದ್ದವು.

ಮೈಸೂರು ಸಂಸ್ಥಾನದ ರೈಲ್ವೆ ಹುಟ್ಟಿದ್ದು ಬರಗಾಲದಲ್ಲಿ. ಅದಕ್ಕೂ ಮೊದಲು, 1864ರಲ್ಲಿ, ಮದರಾಸು ರೈಲ್ವೆ ಕಂಪನಿ ಜೋಲಾರಪೇಟೆಯಿಂದ ಬೆಂಗಳೂರು ದಂಡುಪ್ರದೇಶಕ್ಕೆ ಬ್ರಾಡ್‌ಗೇಜ್ ಹಳಿ ತಂದಿತ್ತು. ಆದರೆ ಅದು ಸೇನೆಗೂ ಮದರಾಸಿನ ವ್ಯಾಪಾರಕ್ಕೂ ಅನುಕೂಲವಾಗಲೆಂದು ಹೊರಗಿನವರು ಹಾಕಿದ ಮಾರ್ಗ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಜನ ನೆನಪಿಟ್ಟುಕೊಂಡ 1876–78ರ ಕ್ಷಾಮದಲ್ಲಿ ಸುಮಾರು ಐವತ್ತು ಲಕ್ಷ ಜನಸಂಖ್ಯೆಯ ಮೈಸೂರು ಹತ್ತು ಲಕ್ಷದಷ್ಟು ಜನರನ್ನು ಕಳೆದುಕೊಂಡಿತು. ಬೆಂಗಳೂರಿನ ನಿಲ್ದಾಣದವರೆಗೆ ರೈಲಿನಲ್ಲಿ ಬಂದ ಧಾನ್ಯ ಅಲ್ಲಿಂದ ಒಳನಾಡಿಗೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿಯಾಗಿತ್ತು, ಎತ್ತುಗಳಿಗೆ ಮೇವೂ ನೀರೂ ಇಲ್ಲದ್ದರಿಂದ ಗಾಡಿಗಳು ಹೊರಡಲಾರದೆ ನಿಂತವು. ಈ ಅನುಭವದ ಹಿನ್ನೆಲೆಯಲ್ಲಿ, ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿಯೂ ಮುಂದಿನ ಬರಕ್ಕೆ ರಕ್ಷಣೆಯಾಗಿಯೂ, ಬೆಂಗಳೂರು–ಮೈಸೂರು ಮಾರ್ಗವನ್ನು ಮೀಟರ್‌ಗೇಜಿನಲ್ಲಿ, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಕಡಿಮೆ ವೆಚ್ಚದ ಅಳತೆಯಲ್ಲಿ ಹಾಕಲು ತೊಡಗಲಾಯಿತು. 1881ರಲ್ಲಿ ಮದ್ದೂರಿನವರೆಗೂ 1882ರ ಫೆಬ್ರವರಿಯಲ್ಲಿ ಮೈಸೂರಿನವರೆಗೂ ರೈಲು ಓಡಿತು. ಆ ನಡುವೆ, 1881ರ ಮಾರ್ಚಿನಲ್ಲಿ, ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಳ್ವಿಕೆ ಮುಗಿದು ರಾಜ್ಯ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿತ್ತು. ಹೊಸ ಆಡಳಿತಕ್ಕೆ ಖಜಾನೆಯೊಂದಿಗೆ ಬಂದದ್ದು ಭಾರತ ಸರ್ಕಾರಕ್ಕೆ ತೀರಿಸಬೇಕಾಗಿದ್ದ 80 ಲಕ್ಷ ರೂಪಾಯಿಯ ಕ್ಷಾಮದ ಸಾಲ.

ಸಂಸ್ಥಾನ ರೈಲ್ವೆ ಎಂಬ ಹೆಸರಿನಲ್ಲಿರುವ ಸ್ವಾಮ್ಯ ಎಷ್ಟು ತೆಳುವಾದುದೆಂಬುದು ಅಲ್ಲಿಂದ ಐದೇ ವರ್ಷಗಳಲ್ಲಿ ಕಂಡುಬಂತು. ದಿವಾನ್ ರಂಗಾಚಾರ್ಲು ಅವರ ನಂತರ ಬಂದ ಶೇಷಾದ್ರಿ ಅಯ್ಯರ್ ಅವರು ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಮಾರ್ಗವನ್ನು ಹರಿಹರದವರೆಗೆ ಒಯ್ಯಬೇಕೆಂದಿದ್ದರು, ಆದರೆ ಖಜಾನೆ ಬರಿದಾಗಿತ್ತು. 1886ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪನಿಯೊಡನೆ ಒಪ್ಪಂದವಾಗಿ, ಅಷ್ಟರವರೆಗೆ ರಾಜ್ಯ ತನ್ನ ಹಣದಿಂದ ಕಟ್ಟಿದ್ದ ಮಾರ್ಗಗಳನ್ನು ಅಡವಿಟ್ಟು ಲಂಡನ್ನಿನಲ್ಲಿ ಸುಮಾರು 12 ಲಕ್ಷ ಪೌಂಡ್ ಸಾಲವೆತ್ತಲಾಯಿತು. ರೈಲು ನಡೆಸುವ ಅಧಿಕಾರ ಕಂಪನಿಯ ಕೈಗೆ ಹೋಯಿತು. 1889ರಲ್ಲಿ ಹರಿಹರದವರೆಗೆ ಹಳಿ ತಲುಪಿ ಮೈಸೂರು ಪುಣೆಯ ಕಡೆಯ ಜಾಲಕ್ಕೆ ಸೇರಿತು, ನಿಜ. ಆದರೆ ರೈಲ್ವೆ ನೆಲದ ಮೇಲಿನ ದಿವಾನಿ ಮತ್ತು ಫೌಜುದಾರಿ ಅಧಿಕಾರವನ್ನು, ಅಂದರೆ ಅಲ್ಲಿ ನಡೆಯುವ ವ್ಯಾಜ್ಯ ಹಾಗೂ ಅಪರಾಧಗಳನ್ನು ವಿಚಾರಿಸುವ ಹಕ್ಕನ್ನು, ಬ್ರಿಟಿಷ್ ಸರ್ಕಾರಕ್ಕೆ ಬಿಟ್ಟುಕೊಡಬೇಕಾಗಿತ್ತು. ಮಹಾರಾಜರ ರಾಜ್ಯದ ನಡುವೆ ಹಾದುಹೋಗುವ ಹಳಿಯ ಎರಡು ಬದಿಯ ಕೆಲವು ಅಡಿಗಳಷ್ಟು ನೆಲ ಮಹಾರಾಜರ ಕಾನೂನಿಗೆ ಒಳಪಡುತ್ತಿರಲಿಲ್ಲ. ತನ್ನ ಸ್ವಂತ ನೆಲದಲ್ಲೇ ಇಷ್ಟು ಕಟ್ಟುಪಾಡುಗಳಿರುವಾಗ, ಬ್ರಿಟಿಷ್ ಜಿಲ್ಲೆಯಾದ ಕೊಯಮತ್ತೂರಿನ ಒಂದು ಮೂಲೆಯ ತಾಲ್ಲೂಕಿಗೆ ಸಾಲದ ಹಣದಲ್ಲಿ ಹಳಿ ಹಾಕುವ ಯೋಚನೆಯನ್ನು ಯಾವ ದಿವಾನರಾದರೂ ಮಾಡಿಯಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅವರನ್ನು ದೂರುವುದು ಈ ಲೇಖನದ ಉದ್ದೇಶವೂ ಅಲ್ಲ.

ದಕ್ಷಿಣ ದಿಕ್ಕಿಗೆ ಹಳಿ ಸಾಗಿದ್ದು 1891ರಲ್ಲಿ, ಮೈಸೂರಿನಿಂದ ನಂಜನಗೂಡಿಗೆ. ಶ್ರೀಕಂಠೇಶ್ವರನ ದೇವಸ್ಥಾನಕ್ಕೆ ಬರುವ ಯಾತ್ರಿಕರು, ಅರಮನೆಗೂ ಆ ಕ್ಷೇತ್ರಕ್ಕೂ ಇದ್ದ ಹಳೆಯ ನಂಟು, ಕಪಿಲೆಯ ದಡದ ಸಮೃದ್ಧ ಗದ್ದೆ ಸೀಮೆ ಇವೆಲ್ಲ ಆ ಚಿಕ್ಕ ಮಾರ್ಗಕ್ಕೆ ಆಧಾರವಾಗಿದ್ದವು. ಕಪಿಲೆಗೆ ಹೊಸ ಸೇತುವೆ ಕಟ್ಟುವ ಬದಲು, ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರ ಸುಮಾರಿಗೆ ಕಟ್ಟಿದ ಕಲ್ಲಿನ ಸೇತುವೆಯ ಮೇಲೆಯೇ ಗಾಡಿದಾರಿಯ ಪಕ್ಕಕ್ಕೆ ಹಳಿಯನ್ನೂ ಹಾಸಿದ್ದು ಆ ಕಾಲದ ಮಿತವ್ಯಯಕ್ಕೂ ದೇಶೀ ಕಲ್ಲುಕೆಲಸದ ಗಟ್ಟಿತನಕ್ಕೂ ಸಾಕ್ಷಿ. ನಂಜನಗೂಡು ಅಲ್ಲಿಂದ ಮುಂದೆ 35 ವರ್ಷಗಳ ಕಾಲ ದಕ್ಷಿಣದ ಕೊನೆಯ ನಿಲ್ದಾಣವಾಗಿಯೇ ಉಳಿಯಿತು. ಈ ಅವಧಿಯ ಒಂದು ಸಂಗತಿ ವಿಶೇಷವಾಗಿ ಗಮನಾರ್ಹ: 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ. ಎನ್. ಕೃಷ್ಣಮೂರ್ತಿಯವರು ಪೂರ್ಣಯ್ಯನವರ ವಂಶಜರು, ಸ್ವತಃ ಯಳಂದೂರಿನ ಜಹಗೀರುದಾರರು. ರಾಜ್ಯದ ಅತ್ಯುನ್ನತ ಅಧಿಕಾರಿಯೇ ಒಡೆಯನಾಗಿದ್ದ ಊರಿಗೂ ಹಳಿ ಬರಲಿಲ್ಲ. ಇದರಿಂದ, ರೈಲು ಬಾರದಿರುವುದಕ್ಕೆ ಪ್ರಭಾವಿಗಳ ಕೊರತೆಯೇ ಕಾರಣವೆಂಬ ಇಂದಿನ ರಾಜಕೀಯ ವಿವರಣೆ ಆ ಕಾಲಕ್ಕೆ ಹೊಂದುವುದಿಲ್ಲವೆಂದು ತಿಳಿಯಬಹುದು. ಯಳಂದೂರಿನಲ್ಲಿ ನಿಲ್ಲುವ ಮಾರ್ಗಕ್ಕೆ ಅರ್ಥವಿರಲಿಲ್ಲ, ಅದನ್ನು ದಾಟಿ ಮುಂದೆ ಹೋದರೆ ಪರರಾಜ್ಯ.

ಹಾಗಾದರೆ ಆ ಪರರಾಜ್ಯವೇ ತನ್ನ ಕಡೆಯಿಂದ ಕೊಳ್ಳೇಗಾಲಕ್ಕೆ ರೈಲು ತರಬಹುದಿತ್ತಲ್ಲವೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಮದರಾಸು ರೈಲ್ವೆಯ ಬ್ರಾಡ್‌ಗೇಜ್ ಮಾರ್ಗ ಸೇಲಂ, ಈರೋಡು, ಪೋದನೂರುಗಳ ಮೂಲಕ 1862ರಲ್ಲಿಯೇ ಪಶ್ಚಿಮ ಕರಾವಳಿಯ ಬೇಪೂರನ್ನು ಮುಟ್ಟಿತ್ತು. 1873ರಲ್ಲಿ ಅದರ ಕವಲು ಮೆಟ್ಟುಪಾಳ್ಯಕ್ಕೆ ಬಂತು. ಅಲ್ಲಿಂದ 1899ರಲ್ಲಿ ಕೂನೂರಿಗೆ ಹಲ್ಲುಹಳಿಯ ಬೆಟ್ಟದ ರೈಲು ಹತ್ತಿತು, 1908ರಲ್ಲಿ ಅದು ಉದಕಮಂಡಲವನ್ನೂ ಮುಟ್ಟಿತು. ಅಂದರೆ ಘಟ್ಟ ಹತ್ತುವ ವಿದ್ಯೆ, ಹಣ, ಸಂಕಲ್ಪ ಇವು ಮೂರೂ ಕೊಯಮತ್ತೂರು ಸೀಮೆಯಲ್ಲೇ ಇದ್ದವು. ಬೇಸಿಗೆಯಲ್ಲಿ ಮದರಾಸು ಸರ್ಕಾರವೇ ಏರಿ ಕೂರುತ್ತಿದ್ದ, ಯುರೋಪಿಯನ್ನರ ಚಹಾ ಕಾಫಿ ತೋಟಗಳಿದ್ದ ನೀಲಗಿರಿಗೆ ಅವು ಒದಗಿದವು, ಕೊಳ್ಳೇಗಾಲಕ್ಕೆ ಒದಗಲಿಲ್ಲ. ಇದಕ್ಕಿಂತ ಹೆಚ್ಚು ಪಾಠ ಕಲಿಸುವ ಹೋಲಿಕೆ ಹೊಸೂರಿನದು. ಅದೂ ಕೊಳ್ಳೇಗಾಲದಂತೆಯೇ ಘಟ್ಟದ ಮೇಲಿನ, ಮೈಸೂರಿಗೆ ಅಂಟಿಕೊಂಡ, ಕನ್ನಡ ತೆಲುಗು ತಮಿಳು ಬೆರೆತ ಮದರಾಸಿನ ಗಡಿ ತಾಲ್ಲೂಕು. 1880ರ ಕ್ಷಾಮ ಆಯೋಗ, ಬರದಲ್ಲಿ ಧಾನ್ಯ ಸಾಗಿಸಲೆಂದೇ ಹಾಕುವ, ಲಾಭ ಬಾರದಿದ್ದರೂ ಚಿಂತೆಯಿಲ್ಲವೆನ್ನುವ ರಕ್ಷಣಾ ಮಾರ್ಗಗಳು ದೇಶಕ್ಕೆ ಬೇಕೆಂದು ಹೇಳಿತ್ತು. ಆ ತತ್ವದ ಮೇಲೆ ಸೇಲಂ ಜಿಲ್ಲೆಯ ಮೊರಪ್ಪೂರಿನಿಂದ 1906ರಲ್ಲಿ ಧರ್ಮಪುರಿಗೂ 1913ರಲ್ಲಿ ಹೊಸೂರಿಗೂ ಎರಡೂವರೆ ಅಡಿ ಅಗಲದ ಸಣ್ಣ ಹಳಿ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದನ್ನು ಮುಚ್ಚಿ ಹಳಿ ಕಿತ್ತರೆಂಬುದು ಬೇರೆ ಮಾತು. ಧಾತು ಈಶ್ವರದ ಬರ ಕೊಯಮತ್ತೂರು ಜಿಲ್ಲೆಯನ್ನೂ ಬಿಟ್ಟಿರಲಿಲ್ಲ. ರಕ್ಷಣೆಯ ಅದೇ ತತ್ವ ಕೊಳ್ಳೇಗಾಲಕ್ಕೂ ಅನ್ವಯಿಸಬೇಕಾಗಿತ್ತು. ಆದರೆ ಸತ್ಯಮಂಗಲದಿಂದ ಮೇಲೇರುವ ಘಟ್ಟ ಧರ್ಮಪುರಿಯ ದಾರಿಗಿಂತ ಬಹಳ ಕಡಿದು, ಸುತ್ತಲ ಕಾಡು ದಟ್ಟ. ಮೇಲೆ ಹತ್ತಿದ ಹಳಿ ನಂಜನಗೂಡಿನ ಕಡೆ ಸೇರುವುದಾದರೆ ಅಲ್ಲಿ ಎದುರಾಗುವುದು ಬೇರೆ ಅಳತೆಯ, ಬೇರೆ ಕಂಪನಿಯ ರೈಲು. ಪ್ರತಿ ಮೂಟೆಯನ್ನೂ ಒಂದು ಬಂಡಿಯಿಂದಿಳಿಸಿ ಇನ್ನೊಂದಕ್ಕೆ ಏರಿಸಬೇಕಾದ ಸಂಧಿಯನ್ನು ಬಯಸಿ ಯಾರೂ ಹಣ ಸುರಿಯುವುದಿಲ್ಲ.

ಎರಡು ಆಡಳಿತಗಳ ನಡುವೆ ಸಿಕ್ಕ ಸೀಮೆಯ ಗತಿ ಶಿವನಸಮುದ್ರದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಕಾವೇರಿ ಅಲ್ಲಿ ಎರಡು ಕವಲಾಗಿ ನಡುಗಡ್ಡೆಯನ್ನು ಸುತ್ತಿ ಧುಮುಕುತ್ತದೆ. ಗಗನಚುಕ್ಕಿಯ ಕಡೆ ಮೈಸೂರಿನ ಮಳವಳ್ಳಿ ತಾಲ್ಲೂಕು, ಭರಚುಕ್ಕಿಯ ಕಡೆ ಮದರಾಸಿನ ಕೊಳ್ಳೇಗಾಲ ತಾಲ್ಲೂಕು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ಎರಡು ಕವಲುಗಳಿಗೂ ಕಲ್ಲುಕಂಬದ ಸೇತುವೆಗಳನ್ನು ಕಟ್ಟಿಸಿ ಕೊಳ್ಳೇಗಾಲವನ್ನು ಮೈಸೂರಿಗೆ ಜೋಡಿಸಿದವರು ತಿರುಚಿನಾಪಳ್ಳಿಯಿಂದ ಬಂದ ರಾಮಸ್ವಾಮಿ ಮುದಲಿಯಾರ್ ಎಂಬ ಒಬ್ಬ ವ್ಯಕ್ತಿ. ಸೇತುವೆಗಳಿಗೆ ವೆಲ್ಲೆಸ್ಲಿ, ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಪತಿಗಳ ಹೆಸರು ಬಿದ್ದವು. ಶತಮಾನ ತಿರುಗುವ ಹೊತ್ತಿಗೆ ಇದೇ ಜಲಪಾತದಿಂದ ವಿದ್ಯುತ್ತು ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ಯುವ ಸಾಹಸಕ್ಕೆ ಮೈಸೂರು ಕೈಹಾಕಿತು, 1902ರಲ್ಲಿ ಆ ವಿದ್ಯುತ್ತು ಹರಿಯಿತು. ಅದಕ್ಕೆ ಬೇಕಾದ ಭಾರಿ ಯಂತ್ರಗಳು ಹಡಗು, ರೈಲುಗಳಲ್ಲಿ ಮದ್ದೂರು ನಿಲ್ದಾಣದವರೆಗೆ ಬಂದು, ಅಲ್ಲಿಂದ ಮಳವಳ್ಳಿಯ ದಾರಿಯಲ್ಲಿ ಗಾಡಿ ಹಾಗೂ ಆನೆಗಳ ಬಲದಿಂದ ಜಲಪಾತ ತಲುಪಿದವು. ಏಷ್ಯಾದಲ್ಲೇ ಅಂದಿನ ಅತಿ ಮುಂದುವರಿದ ತಂತ್ರಜ್ಞಾನವೊಂದರ ನೆಲೆಗೆ ಒಂದು ಕವಲು ಹಳಿ ಕೂಡ ಹಾಕಲಿಲ್ಲವೆಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ ಯಂತ್ರ ಸಾಗಿಸುವುದು ಒಮ್ಮೆ ಮುಗಿಯುವ ಕೆಲಸ. ವಿದ್ಯುತ್ತು ತಂತಿಯ ಮೇಲೆ ಹೋಗುವ ಸರಕಾದ್ದರಿಂದ ಅದಕ್ಕೆ ಬಂಡಿ ಬೇಡ. ಮಾರ್ಗವನ್ನು ಮುಂದುವರಿಸಿದರೆ ಎದುರು ದಡದಲ್ಲಿ ಮದರಾಸು.

ಇಲ್ಲಿ ಇನ್ನೊಂದು ವಿಷಯವನ್ನೂ ಸೇರಿಸಿ ನೋಡಬೇಕು. ಕಾವೇರಿ ನೀರಿನ ವಿಚಾರದಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳು 1892ರಲ್ಲಿ ಒಮ್ಮೆ, 1924ರಲ್ಲಿ ಇನ್ನೊಮ್ಮೆ ಎದುರುಬದುರು ಕುಳಿತು ಒಪ್ಪಂದ ಮಾಡಿಕೊಂಡವು, ಏಕೆಂದರೆ ಒಬ್ಬರು ನೀರು ಹಿಡಿದರೆ ಇನ್ನೊಬ್ಬರ ಗದ್ದೆ ಒಣಗುತ್ತಿತ್ತು. ಗಡಿಯಾಚೆಯ ವಿಷಯವನ್ನು ಮಾತುಕತೆಯಿಂದ ಬಗೆಹರಿಸುವ ಶಕ್ತಿ ಆ ಸರ್ಕಾರಗಳಿಗೆ ಇತ್ತು ಎಂಬುದಕ್ಕೆ ಇಷ್ಟು ಸಾಕು. ಕೊಳ್ಳೇಗಾಲಕ್ಕೆ ರೈಲು ಬಾರದಿದ್ದರೆ ಯಾರ ಬೆಳೆಯೂ ಒಣಗುತ್ತಿರಲಿಲ್ಲ, ಯಾರ ಕಂದಾಯವೂ ತಗ್ಗುತ್ತಿರಲಿಲ್ಲ. ತಕರಾರಿನ ವಸ್ತುವಾದ ನೀರಿಗೆ ಕರಾರು ದೊರೆಯಿತು, ತಕರಾರೇ ಇಲ್ಲದ ರೈಲಿಗೆ ಅಂಥ ಕರಾರು ಒದಗಲಿಲ್ಲ.

ವ್ಯಾಪಾರವೇ ಇರಲಿಲ್ಲವೆಂಬ ವಾದಕ್ಕೆ ಕೊಳ್ಳೇಗಾಲದ ರೇಷ್ಮೆಯೇ ಉತ್ತರ. ಮದರಾಸು ಪ್ರೆಸಿಡೆನ್ಸಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಕಸುಬು ಬಹುಮಟ್ಟಿಗೆ ಇದೊಂದೇ ತಾಲ್ಲೂಕಿನಲ್ಲಿ ನೆಲೆಸಿತ್ತು. ರೇಷ್ಮೆ ಉದ್ಯಮಕ್ಕೆ ಸುಂಕದ ರಕ್ಷಣೆ ಬೇಕೇ ಎಂದು 1930ರ ದಶಕದಲ್ಲಿ ಸುಂಕ ಮಂಡಳಿ ವಿಚಾರಿಸಿದಾಗ ಮದರಾಸಿನ ರೇಷ್ಮೆಯೆಂದರೆ ಕೊಳ್ಳೇಗಾಲದ ರೇಷ್ಮೆ ಎಂದೇ ಅರ್ಥವಾಗಿತ್ತು. ಗೂಡು ಬಿಚ್ಚಿ ಚರಕದಲ್ಲಿ ತೆಗೆದ ನೂಲು ಘಟ್ಟದ ಕೆಳಗಿನ ನೇಕಾರರ ಊರುಗಳಿಗೆ ಹೋಗುತ್ತಿತ್ತು. ಮುಂದೆ ಸರ್ಕಾರವೇ ಕೊಳ್ಳೇಗಾಲದಲ್ಲಿ ನೂಲು ತೆಗೆಯುವ ಫಿಲೇಚರ್ ಕಾರ್ಖಾನೆಯನ್ನು ಸ್ಥಾಪಿಸಿತು. ಆದರೆ ರೈಲಿನ ದೃಷ್ಟಿಯಿಂದ ರೇಷ್ಮೆಗೆ ಒಂದು ದೋಷವಿದೆ, ಅದು ಹಗುರ. ರೈಲ್ವೆಯ ಆದಾಯ ಸರಕಿನ ತೂಕವನ್ನೂ ಅದು ಸಾಗುವ ದೂರವನ್ನೂ ಗುಣಿಸಿ ಬರುವ ಲೆಕ್ಕ. ಒಂದು ಗಾಡಿಯ ರಾಗಿಗಿಂತ ಹಲವು ಪಟ್ಟು ಬೆಲೆ ಬಾಳುವ, ಸಾವಿರಾರು ಮನೆಗಳ ಅನ್ನಕ್ಕೆ ಆಧಾರವಾದ ನೂಲು ಒಂದು ಮೂಲೆಯಲ್ಲಿ ನಾಲ್ಕು ಮೂಟೆಯಾಗಿ ಕೂರುತ್ತದೆ. ಈ ಬಗೆಯ ಎಣಿಕೆಯಲ್ಲಿ ಗಣಿಯ ಊರು, ಹತ್ತಿಯ ಊರು, ಬಂದರು ಇವು ಗೆಲ್ಲುತ್ತವೆ. ಹೆಚ್ಚು ಕೈಗಳಿಗೆ ಕೆಲಸ ಕೊಟ್ಟು ಕಡಿಮೆ ತೂಕ ಹೊರಿಸುವ ಕಸುಬಿನ ಊರು ಸೋಲುತ್ತದೆ. ಯಾತ್ರಿಕರ ವಿಷಯವೂ ಹೀಗೆಯೇ. ನಂಜನಗೂಡಿಗೆ ರೈಲನ್ನು ತಂದ ಭಕ್ತಿ ಮಲೆ ಮಹದೇಶ್ವರನಿಗೂ ಬಿಳಿಗಿರಿ ರಂಗನಾಥನಿಗೂ ಕಡಿಮೆಯಿರಲಿಲ್ಲ. ಆದರೆ ಕಾಲ್ನಡಿಗೆಯಲ್ಲೇ ಬೆಟ್ಟ ಹತ್ತುವುದು ಹರಕೆಯ ಭಾಗವೆಂದು ತಿಳಿದು, ಬುತ್ತಿ ಕಟ್ಟಿಕೊಂಡು ಕೌದಳ್ಳಿಯ ದಾರಿಯಲ್ಲಿ ನಡೆದುಹೋಗುತ್ತಿದ್ದ ಬಡ ಒಕ್ಕಲುಗಳು ಯಾವ ಕಂಪನಿಯ ಟಿಕೇಟಿನ ಅಂದಾಜಿಗೂ ಬರಲಿಲ್ಲ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ತನ್ನ ರೈಲ್ವೆಯನ್ನು ನಿಜಕ್ಕೂ ತನ್ನದಾಗಿಸಿಕೊಳ್ಳಲು ಹೊರಟಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಸ್ವಂತ ಇಲಾಖೆಯ ಮೂಲಕ ಮೈಸೂರು–ಅರಸೀಕೆರೆ ಮಾರ್ಗ ರೂಪುಗೊಂಡಿತು. 1919ರಲ್ಲಿ ಬೆಂಗಳೂರು–ಮೈಸೂರು–ನಂಜನಗೂಡು ಮಾರ್ಗ ಕಂಪನಿಯ ಕೈಯಿಂದ ರಾಜ್ಯದ ಕೈಗೆ ಮರಳಿತು. ಬೆಂಗಳೂರು–ಹರಿಹರ ಭಾಗ ಮರಳಲು 1938ರವರೆಗೆ ಕಾಯಬೇಕಾಯಿತು. ಹೀಗೆ ದೊರೆತ ಸ್ವಾತಂತ್ರ್ಯದಲ್ಲಿಯೇ ನಂಜನಗೂಡಿನ ಹಳಿ ಕವಲಂದೆ, ಬದನಗುಪ್ಪೆಗಳ ಮೂಲಕ ಸಾಗಿ 1926ರ ಆಗಸ್ಟಿನಲ್ಲಿ ಚಾಮರಾಜನಗರ ತಲುಪಿತು. ಅರಿಕುಠಾರವೆಂಬ ಹಳೆಯ ಹೆಸರನ್ನು ಬಿಟ್ಟು, ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಹುಟ್ಟಿದ ಊರೆಂಬ ಗೌರವದಿಂದ 1818ರಲ್ಲಿ ಹೊಸ ಹೆಸರು ಪಡೆದಿದ್ದ ಆ ಊರಿಗೆ ರೈಲು ಬಂದದ್ದರಲ್ಲಿ ರಾಜಭಕ್ತಿಯ ಪಾಲೂ ಇದ್ದಿರಬಹುದು. ಏನೇ ಆಗಲಿ, ಅಲ್ಲಿಂದ ಸಂತೇಮರಹಳ್ಳಿ, ಯಳಂದೂರುಗಳ ದಾರಿಯಲ್ಲಿ ಕೊಳ್ಳೇಗಾಲ ಸುಮಾರು 40 ಕಿಲೋಮೀಟರ್. ನಡುವೆ ದೊಡ್ಡ ಬೆಟ್ಟವಿಲ್ಲ, ದಾಟಲು ದೊಡ್ಡ ನದಿಯೂ ಇಲ್ಲ. ಎಂಜಿನಿಯರಿಗೆ ಇದಕ್ಕಿಂತ ಸುಲಭವಾದ ದಾರಿ ಹಳೆ ಮೈಸೂರು ಸೀಮೆಯಲ್ಲಿ ಹೆಚ್ಚಿಲ್ಲ. ಆ 40 ಕಿಲೋಮೀಟರನ್ನು ಹಾಕದಂತೆ ತಡೆದದ್ದು ನೆಲವಲ್ಲವೆಂಬುದಕ್ಕೆ 1926ರ ಈ ನಿಲುಗಡೆಯೇ ಅತ್ಯಂತ ಬಲವಾದ ಪುರಾವೆ. ನಾಲ್ಕು ವರ್ಷ ಕಳೆಯುವುದರೊಳಗೆ ಜಗತ್ತಿನ ಆರ್ಥಿಕ ಕುಸಿತ ಎಲ್ಲ ರೈಲ್ವೆಗಳ ಆದಾಯವನ್ನೂ ಇಳಿಸಿತು, ಅದರ ಜೊತೆಗೆ ಮೋಟಾರು ಬಸ್ಸುಗಳು ಹಳ್ಳಿದಾರಿಗಳಿಗೆ ಇಳಿದವು. ರಸ್ತೆ ಮತ್ತು ರೈಲಿನ ಪೈಪೋಟಿಯನ್ನು ಪರಿಶೀಲಿಸಲು ಭಾರತ ಸರ್ಕಾರವೇ ವಿಚಾರಣೆ ನಡೆಸಬೇಕಾಯಿತು. ಅಂಥ ಕಾಲದಲ್ಲಿ ಈ ದಿಕ್ಕಿಗೆ ಹೊಸ ಕವಲು ಮಾರ್ಗ ಹಾಕಿಸುವುದು ಸುಲಭವಿರಲಿಲ್ಲ. ಹನೂರಿನ ಕಡೆ ನೋಡಿದರೆ, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟಿನ ಕಾಮಗಾರಿಗಾಗಿ ಸೇಲಂ ಕಡೆಯಿಂದ ಹಳಿ ಬಂತು. ಪಾಲಾರ್ ದಾಟಿ ಕಾಡಿನ ದಾರಿಯಲ್ಲಿ ಹೋದರೆ ಸಿಗುವ ಆ ನಿಲ್ದಾಣ ಮಹದೇಶ್ವರ ಬೆಟ್ಟದ ಪೂರ್ವದ ಜನರಿಗೆ ಹತ್ತಿರವಾಗಿದ್ದರೂ ಹನೂರು, ರಾಮಾಪುರಗಳ ವ್ಯಾಪಾರಕ್ಕೆ ಒದಗುವಂಥದ್ದಾಗಿರಲಿಲ್ಲ.

ಗಡಿ ಅಳಿಸಿದ್ದು 1956ರ ನವೆಂಬರ್ 1ರಂದು. ಭಾಷಾವಾರು ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದಿಂದ ಬೇರ್ಪಟ್ಟು ಮೈಸೂರು ಜಿಲ್ಲೆಗೆ ಸೇರಿತು, 157 ವರ್ಷಗಳ ಬೇರ್ಪಡಿಕೆ ಮುಗಿಯಿತು. ಆದರೆ ಆ ವೇಳೆಗೆ ಮೈಸೂರು ಸಂಸ್ಥಾನದ ರೈಲ್ವೆ ಇರಲೇ ಇಲ್ಲ. 1950ರಲ್ಲಿ ಅದು ಕೇಂದ್ರ ಸರ್ಕಾರದ ಸ್ವತ್ತಾಗಿ, 1951ರ ಏಪ್ರಿಲ್ 14ರಂದು ಮದರಾಸು ಮತ್ತು ಸದರನ್ ಮರಾಠಾ ರೈಲ್ವೆ ಹಾಗೂ ದಕ್ಷಿಣ ಭಾರತ ರೈಲ್ವೆಗಳೊಡನೆ ವಿಲೀನಗೊಂಡು ಮದರಾಸಿನಲ್ಲಿ ಕೇಂದ್ರ ಕಚೇರಿಯಿದ್ದ ದಕ್ಷಿಣ ರೈಲ್ವೆಯಾಗಿತ್ತು. ಮೈಸೂರಿಗೆ ರೈಲು ಹಾಕುವ ಅಧಿಕಾರವಿದ್ದಾಗ ಕೊಳ್ಳೇಗಾಲ ಮೈಸೂರಿನದಾಗಿರಲಿಲ್ಲ. ಕೊಳ್ಳೇಗಾಲ ಮೈಸೂರಿನದಾದಾಗ ಮೈಸೂರಿಗೆ ಆ ಅಧಿಕಾರವಿರಲಿಲ್ಲ. ಈ ಕೆಲವೇ ವರ್ಷಗಳ ಹಿಂದುಮುಂದು ಈ ಸೀಮೆಯ ಪಾಲಿಗೆ 1799ರ ಗಡಿಯಷ್ಟೇ ದುಬಾರಿಯಾಯಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಅಷ್ಟಕ್ಕೇ ನಿಲ್ಲಿಸಿ ಎಲ್ಲ ಹೊಣೆಯನ್ನೂ ವಸಾಹತುಶಾಹಿಯ ತಲೆಗೆ ಕಟ್ಟುವುದು ಮಾತ್ರ ಪ್ರಾಮಾಣಿಕವಾಗುವುದಿಲ್ಲ. ಸ್ವತಂತ್ರ ಭಾರತದ ರೈಲ್ವೆ ತನ್ನ ಹೊಸ ಮಾರ್ಗಗಳನ್ನು ಅಳೆಯಲು ಬಳಸಿದ್ದು ಹೂಡಿದ ಹಣಕ್ಕೆ ವರ್ಷಕ್ಕೆ ಶೇಕಡಾ ಎಷ್ಟು ಹುಟ್ಟುವಳಿ ಬರುತ್ತದೆಂಬ ಲೆಕ್ಕವನ್ನೇ. ದಶಕಗಳ ಕಾಲ ಶೇ. 14ರ ಪ್ರತಿಫಲ ತೋರಿಸುವ ಮಾರ್ಗಕ್ಕೆ ಮಾತ್ರ ವಾಣಿಜ್ಯದ ದೃಷ್ಟಿಯಿಂದ ಅರ್ಹತೆಯಿತ್ತು. ಹಳೆಯ ಮದರಾಸು ರೈಲ್ವೆ ಕಂಪನಿಯ ಲಂಡನ್ ಷೇರುದಾರರಿಗೆ ಸರ್ಕಾರ ಖಾತರಿ ಕೊಟ್ಟಿದ್ದು ಸುಮಾರು ಶೇ. 5 ಎಂಬುದನ್ನು ನೆನೆದರೆ, ವಸಾಹತು ಬಂಡವಾಳಕ್ಕಿಂತ ಹೆಚ್ಚು ಕಟ್ಟುನಿಟ್ಟಾದ ಅಳತೆಗೋಲನ್ನು ಜನತಂತ್ರ ತನ್ನ ಹಿಂದುಳಿದ ಸೀಮೆಗಳಿಗೆ ಹಿಡಿಯಿತೆಂಬ ಅಹಿತಕರ ಸತ್ಯ ಕಾಣುತ್ತದೆ. ರಕ್ಷಣಾ ಮಾರ್ಗದ ತತ್ವ, ಅಂದರೆ ಲಾಭವನ್ನು ಬದಿಗಿಟ್ಟು ಜನರ ಜೀವನದ ಭದ್ರತೆಗಾಗಿ ಹಳಿ ಹಾಕುವ ವಿಚಾರ, ಕ್ಷಾಮ ಆಯೋಗದ ವರದಿಯಲ್ಲಿ ಎಷ್ಟು ಬಲವಾಗಿತ್ತೋ ಅಷ್ಟು ಬಲವಾಗಿ ಯೋಜನಾ ಯುಗದ ಕಡತಗಳಲ್ಲಿ ಉಳಿಯಲಿಲ್ಲ.

1996–97ರ ರೈಲ್ವೆ ಬಜೆಟ್ಟಿನ ಕಾಲಕ್ಕೆ ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರಗಳ ಮೂಲಕ ಸತ್ಯಮಂಗಲಕ್ಕೆ ಹೋಗುವ ಸುಮಾರು 260 ಕಿಲೋಮೀಟರುಗಳ ಯೋಜನೆಗೆ ಮಂಜೂರಾತಿ ದೊರೆತಾಗ ಶತಮಾನದ ಕೊರತೆ ತೀರುವ ಸೂಚನೆಯಿತ್ತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಗಿ ಈ ತಾಲ್ಲೂಕುಗಳೆಲ್ಲ ಅದರೊಳಗೆ ಬಂದದ್ದು ಬೇಡಿಕೆಗೆ ಇನ್ನಷ್ಟು ಬಲ ಕೊಟ್ಟಿತು. ಆದರೆ ಯೋಜನೆಯ ರಚನೆಯಲ್ಲೇ ಒಂದು ಲೋಪವಿತ್ತು: ಬಯಲಿನಲ್ಲಿ ಸಾಗುವ ಸುಲಭದ ಭಾಗವನ್ನೂ ಘಟ್ಟದ ಕಾಡನ್ನು ಸೀಳುವ ಕಷ್ಟದ ಭಾಗವನ್ನೂ ಒಂದೇ ಹೆಸರಿನಡಿ ಕಟ್ಟಿಹಾಕಲಾಗಿತ್ತು. ಆನೆಗಳ ಓಡಾಟದ ಮುಖ್ಯ ದಾರಿಯಾದ, ಮುಂದೆ ಹುಲಿ ರಕ್ಷಿತಾರಣ್ಯವೆಂದೇ ಘೋಷಿತವಾದ ಸತ್ಯಮಂಗಲದ ಕಾಡಿನಲ್ಲಿ ಹಳಿ ಹಾಕಲು ತಮಿಳುನಾಡು ಒಪ್ಪಲಿಲ್ಲ. ಪರಿಸರದ ದೃಷ್ಟಿಯಿಂದ ಆ ವಿರೋಧ ಸರಿಯಾದದ್ದೇ. ಘಟ್ಟದ ಭಾಗ ನಿಂತಾಗ ಬಯಲಿನ ಭಾಗವೂ ಅದರೊಂದಿಗೆ ನಿಂತಿತು. ಆಮೇಲೆ ಯೋಜನೆಯನ್ನು ಬೆಂಗಳೂರಿನ ಬಳಿಯ ಹೆಜ್ಜಾಲ ಹಾಗೂ ಚಾಮರಾಜನಗರಗಳ ನಡುವಿನ 142 ಕಿಲೋಮೀಟರಿಗೆ ಸೀಮಿತಗೊಳಿಸಲಾಯಿತಾದರೂ, ಭೂಸ್ವಾಧೀನ ಮತ್ತು ವೆಚ್ಚ ಹಂಚಿಕೆಯ ಮಾತುಗಳಲ್ಲಿ ವರ್ಷಗಳು ಉರುಳಿ ಅಂದಾಜು ವೆಚ್ಚ ಮಾತ್ರ ಏರುತ್ತಾ ಹೋಯಿತು. 2008ರಲ್ಲಿ ಮೈಸೂರು–ಚಾಮರಾಜನಗರದ ಮೀಟರ್‌ಗೇಜ್ ಬ್ರಾಡ್‌ಗೇಜಾಗಿ, ಮುಂದೆ ತಿರುಪತಿಗೆ ನೇರ ರೈಲು ಹೊರಡುವಂತಾದಾಗಲೂ ಕೊಳ್ಳೇಗಾಲದವರು ಅದನ್ನು ಹತ್ತಲು ಬಸ್ಸಿನಲ್ಲಿ ಪಶ್ಚಿಮಕ್ಕೆ ಬರಬೇಕಾಯಿತು.

ರಸ್ತೆಗಳು ಸುಧಾರಿಸಿರುವ ಈ ಕಾಲದಲ್ಲಿ ರೈಲೇಕೆ ಬೇಕೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹನೂರಿನ ಮಟ್ಟಿಗೆ ಆ ಆಕ್ಷೇಪ ಪೂರ್ತಿ ಸರಿ: ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ರಕ್ಷಿತಾರಣ್ಯವಾಗಿದೆ, ಮಲೆ ಮಹದೇಶ್ವರ ಬೆಟ್ಟದ ಕಾಡು ವನ್ಯಧಾಮವಾಗಿದೆ, ಅವುಗಳ ನಡುವೆ ಹಳಿ ಎಳೆಯಬೇಕೆಂದು ಯಾವ ವಿವೇಕಿಯೂ ಕೇಳಲಾರ, ಕೊಳ್ಳೇಗಾಲದವರೆಗೆ ರೈಲು ಬಂದು ಅಲ್ಲಿಂದ ಲೊಕ್ಕನಹಳ್ಳಿ, ರಾಮಾಪುರ, ಬೆಟ್ಟದ ಕಡೆಗೆ ಬಸ್ಸುಗಳು ಹೊಂದಿಕೊಂಡು ಹೊರಟರೆ ಸಾಕು. ಆದರೆ ಕೆಲಸ ಹುಡುಕಿ ಬೆಂಗಳೂರು ಮೈಸೂರುಗಳಿಗೆ ಹೋಗಿಬರುವ ಕೂಲಿಕಾರರಿಗೆ, ಕಾಲೇಜು ಮಕ್ಕಳಿಗೆ, ದೊಡ್ಡಾಸ್ಪತ್ರೆಗೆ ಹೊರಟ ರೋಗಿಗಳಿಗೆ ರೈಲಿನ ದರ ಬಸ್ಸಿನ ದರದ ಒಂದು ಸಣ್ಣ ಪಾಲು ಮಾತ್ರ ಎಂಬುದು ಶೇಕಡಾ ಪ್ರತಿಫಲದ ಕೋಷ್ಟಕದಲ್ಲಿ ಕಾಣಿಸದ ಲಾಭ. ಸಾಲದ ಹೊರೆಯ ಕೆಳಗೆ, ಪರರ ಕಾನೂನಿನ ಹಂಗಿನಲ್ಲಿ ನರಳುತ್ತಿದ್ದ ಒಂದು ಸಂಸ್ಥಾನ ನಂಜನಗೂಡಿನಿಂದ ಚಾಮರಾಜನಗರದವರೆಗಿನ 35 ಕಿಲೋಮೀಟರ್ ಹಳಿಯನ್ನು ಸ್ವಂತ ಬಲದಿಂದ ಹಾಕಿತ್ತು. 142 ಕಿಲೋಮೀಟರುಗಳ ಪೂರ್ತಿ ಯೋಜನೆಗೆ ಹಣ ಕೂಡಿಬರುವವರೆಗೆ ಕಾಯದೆ, ಚಾಮರಾಜನಗರದಿಂದ ಸಂತೇಮರಹಳ್ಳಿ, ಯಳಂದೂರುಗಳ ಮೂಲಕ ಕೊಳ್ಳೇಗಾಲದವರೆಗಿನ ಸುಮಾರು 40 ಕಿಲೋಮೀಟರನ್ನು ಪ್ರತ್ಯೇಕ ಕಾಮಗಾರಿಯಾಗಿ ತೆಗೆದುಕೊಂಡು ದಕ್ಷಿಣದ ತುದಿಯಿಂದಲೇ ಮೊದಲು ಮಾಡುವಂತೆ ರಾಜ್ಯ ಸರ್ಕಾರವೂ ರೈಲ್ವೆ ಮಂಡಳಿಯೂ ನಿರ್ಧರಿಸಬೇಕು.